ಕಚೇರಿಯ ಕಡತಗಳಿಗೂ ಒಂದು ಬೀಗ: ಫೈಲ್ ಸರ್ವರ್ ಸ್ಥಾಪನೆ ಮತ್ತು ಬಳಕೆದಾರರ ನಿಯಂತ್ರಣ

ನಗದು ಪೆಟ್ಟಿಗೆಯ ಬೀಗದ ಕೈಯನ್ನು ಯಾವ ವರ್ತಕನೂ ಅಂಗಡಿಯ ಗೋಡೆಯ ಮೊಳೆಗೆ ತೂಗುಹಾಕುವುದಿಲ್ಲ. ಆದರೆ ಅದೇ ವರ್ತಕನ ಕಚೇರಿಯಲ್ಲಿ ಬಾಕಿದಾರರ ಪಟ್ಟಿ, ಖರೀದಿ ದರ, ಸಂಬಳದ ವಿವರ, ಬ್ಯಾಂಕಿಗೆ ಸಲ್ಲಿಸಿದ ದಾಸ್ತಾನು ಪಟ್ಟಿ ಎಲ್ಲವೂ ಒಂದೇ ಫೋಲ್ಡರಿನಲ್ಲಿದ್ದು, ಎಲ್ಲರಿಗೂ ತಿಳಿದಿರುವ ಒಂದೇ ಪಾಸ್‌ವರ್ಡಿನಿಂದ ತೆರೆದುಕೊಳ್ಳುವುದು ಅಪರೂಪವೇನಲ್ಲ.

ಎಂಟು ಗಣಕಯಂತ್ರಗಳಿರುವ, ಯಂತ್ರದ ಬಿಡಿಭಾಗ ತಯಾರಿಸುವ ಒಂದು ಘಟಕವನ್ನು ಉದಾಹರಣೆಯಾಗಿ ಪರಿಗಣಿಸಬಹುದು. ವರ್ಷಾಂತ್ಯದಲ್ಲಿ ಗ್ರಾಹಕರೊಬ್ಬರ ಬಾಕಿ 1,40,000 ರೂಪಾಯಿ ಇರಬೇಕಾದ ಕಡೆ 40,000 ರೂಪಾಯಿ ಎಂದು ಕಂಡುಬರುತ್ತದೆ. ಎಂಟು ಮಂದಿಯೂ ಒಂದೇ ಹೆಸರಿನಲ್ಲಿ ಪ್ರವೇಶಿಸುವುದರಿಂದ ಅಂಕಿಯನ್ನು ತಿದ್ದಿದವರು ಯಾರೆಂದು ತಿಳಿಯುವುದಿಲ್ಲ. ಅನುಮಾನ ಇಪ್ಪತ್ತು ವರ್ಷ ದುಡಿದ ಗುಮಾಸ್ತನ ಮೇಲೆ ಬೀಳುತ್ತದೆ. ಅವನು ತಪ್ಪಿತಸ್ಥನೆಂದು ಮಾಲೀಕರು ತೋರಿಸಲಾರರು. ನಿರ್ದೋಷಿಯೆಂದು ಅವನೂ ತೋರಿಸಲಾರ. ಪ್ರವೇಶ ನಿಯಂತ್ರಣದ ಅಗತ್ಯವಿರುವುದು ಇಲ್ಲಿಯೇ.

ಯಂತ್ರ ಮತ್ತು ಜಾಲ

ಫೈಲ್ ಸರ್ವರ್ ಎಂದರೆ ಎಲ್ಲರ ಕಡತಗಳನ್ನು ಒಂದೆಡೆ ಇರಿಸಿ, ಅರ್ಹರಿಗೆ ಮಾತ್ರ ಒದಗಿಸುವ ಗಣಕಯಂತ್ರ. ಸಣ್ಣ ಕಚೇರಿಗೆ ದುಬಾರಿ ಸರ್ವರ್ ಬೇಕಿಲ್ಲ. ಸುಸ್ಥಿತಿಯಲ್ಲಿರುವ ಸಾಮಾನ್ಯ ಪರ್ಸನಲ್ ಕಂಪ್ಯೂಟರ್ ಸಾಕು. ಆದರೆ ಅದನ್ನು ಯಾರೂ ದಿನನಿತ್ಯದ ಟೈಪಿಂಗ್ ಅಥವಾ ಇಂಟರ್ನೆಟ್ ವೀಕ್ಷಣೆಗೆ ಬಳಸಬಾರದು. ಗಾಳಿಯಾಡುವ, ಬೀಗ ಹಾಕಬಹುದಾದ ಸ್ಥಳದಲ್ಲಿ ಯು.ಪಿ.ಎಸ್. ಸಹಿತ ಇರಿಸಬೇಕು. ಒಂದೇ ಅಳತೆಯ ಎರಡು ಹಾರ್ಡ್ ಡಿಸ್ಕ್‌ಗಳನ್ನು ಅಳವಡಿಸಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಮೂಡುವಂತೆ ಮಾಡಿದರೆ ಒಂದು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ಸರ್ವರಿಗೆ 192.168.1.10 ಎಂಬಂತಹ ಸ್ಥಿರ ವಿಳಾಸ ನೀಡಿ, ಉಳಿದ ಯಂತ್ರಗಳನ್ನು ಸ್ವಿಚ್ ಮೂಲಕ ತಂತಿಯಿಂದಲೇ ಜೋಡಿಸುವುದು ಉತ್ತಮ.

ಕಾರ್ಯನಿರ್ವಹಣಾ ತಂತ್ರಾಂಶಕ್ಕೆ ಎರಡು ದಾರಿಗಳಿವೆ. ವಿಂಡೋಸ್ 11 ಪ್ರೊ ಪರಿಚಿತವಾದುದು. ಆದರೆ ಅದಕ್ಕೆ ಒಮ್ಮೆಗೆ 20 ಸಂಪರ್ಕಗಳ ಮಿತಿಯಿದೆ. ಲಿನಕ್ಸ್ ಮೇಲೆ ಸಾಂಬಾ ತಂತ್ರಾಂಶವನ್ನು ಅಳವಡಿಸಿದರೆ ಈ ಮಿತಿಯೂ ಇಲ್ಲ, ಪರವಾನಗಿ ವೆಚ್ಚವೂ ಇಲ್ಲ. ಆದರೆ ತಿಳಿದ ತಂತ್ರಜ್ಞರ ನೆರವು ಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹೊಸ ಸರ್ವರಿಗೆ ಅದು ತಕ್ಕುದಲ್ಲ.

ಬಳಕೆದಾರರು ಮತ್ತು ಗುಂಪುಗಳು

ಮೊದಲ ನಿಯಮ: ಒಬ್ಬರಿಗೆ ಒಂದು ಹೆಸರು, ಒಂದು ಪಾಸ್‌ವರ್ಡ್. ಸರ್ವರಿನಲ್ಲಿ ಪ್ರತಿಯೊಬ್ಬ ನೌಕರನಿಗೂ ಪ್ರತ್ಯೇಕ ಖಾತೆ ತೆರೆಯಬೇಕು. ಅತಿಥಿ ಖಾತೆಯನ್ನು ಮುಚ್ಚಿಡಬೇಕು.

ಎರಡನೆಯ ನಿಯಮ: ಅನುಮತಿಯನ್ನು ವ್ಯಕ್ತಿಗಲ್ಲ, ಗುಂಪಿಗೆ ನೀಡಬೇಕು. ಮೇಲಿನ ಘಟಕಕ್ಕೆ ಆಡಳಿತ, ಲೆಕ್ಕಪತ್ರ, ಮಾರಾಟ, ಉಗ್ರಾಣ ಎಂಬ ನಾಲ್ಕು ಗುಂಪುಗಳು ಸಾಕು. ಉಗ್ರಾಣದವರು ಮಾರಾಟ ವಿಭಾಗಕ್ಕೆ ಹೋದರೆ ಗುಂಪು ಬದಲಿಸಿದರಾಯಿತು. ಹತ್ತು ಫೋಲ್ಡರುಗಳನ್ನು ತಡಕಬೇಕಿಲ್ಲ.

ಯಂತ್ರವನ್ನು ಮುಟ್ಟುವ ಮೊದಲೇ ಕಾಗದದ ಮೇಲೆ ಹೀಗೊಂದು ಪಟ್ಟಿ ಸಿದ್ಧಪಡಿಸುವುದು ಲೇಸು:

1. ಸಂಬಳದ ಫೋಲ್ಡರ್: ಆಡಳಿತಕ್ಕೆ ಓದುವ, ಬದಲಿಸುವ ಅನುಮತಿ, ಇತರರಿಗೆ ಪ್ರವೇಶವಿಲ್ಲ.
2. ಖರೀದಿ ದರ: ಆಡಳಿತ ಮತ್ತು ಲೆಕ್ಕಪತ್ರ ಗುಂಪು ಬದಲಿಸಬಹುದು, ಇತರರಿಗೆ ಪ್ರವೇಶವಿಲ್ಲ.
3. ಮಾರಾಟ ದರಪಟ್ಟಿ: ಆಡಳಿತ ಬದಲಿಸಬಹುದು, ಮಾರಾಟ ಮತ್ತು ಲೆಕ್ಕಪತ್ರ ಗುಂಪು ಓದಬಹುದು.
4. ಬಾಕಿದಾರರ ಪಟ್ಟಿ: ಲೆಕ್ಕಪತ್ರ ಗುಂಪು ಬದಲಿಸಬಹುದು, ಆಡಳಿತ ಮತ್ತು ಮಾರಾಟ ಗುಂಪು ಓದಬಹುದು.
5. ದಾಸ್ತಾನು: ಉಗ್ರಾಣ ಬದಲಿಸಬಹುದು; ಉಳಿದ ಮೂರೂ ಗುಂಪುಗಳು ಓದಬಹುದು.

ಅನುಮತಿಯ ಲೆಕ್ಕಾಚಾರ

ವಿಂಡೋಸಿನಲ್ಲಿ ಎರಡು ಬಾಗಿಲುಗಳಿವೆ. ಜಾಲದ ಮೂಲಕ ಬರುವವರಿಗೆ ಹಂಚಿಕೆಯ ಅನುಮತಿ ಒಂದು, ಡಿಸ್ಕಿನ ಮೇಲಿನ ಫೋಲ್ಡರಿನ ಅನುಮತಿ ಇನ್ನೊಂದು. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಅಂತಿಮ. ಹಂಚಿಕೆಯಲ್ಲಿ ಬದಲಿಸುವ ಅನುಮತಿಯಿದ್ದು ಫೋಲ್ಡರಿನಲ್ಲಿ ಓದುವ ಅನುಮತಿ ಮಾತ್ರ ಇದ್ದರೆ ಓದಲಷ್ಟೇ ಸಾಧ್ಯ. ಒಬ್ಬನು ಎರಡು ಗುಂಪುಗಳಲ್ಲಿದ್ದರೆ ಅವುಗಳ ಅನುಮತಿಗಳು ಕೂಡಿಕೊಳ್ಳುತ್ತವೆ. ನಿರಾಕರಣೆಯು ಸಾಮಾನ್ಯವಾಗಿ ಅನುಮತಿಯನ್ನು ಮೀರಿಸುವುದರಿಂದ ಅದನ್ನು ವಿರಳವಾಗಿ ಬಳಸಬೇಕು.

'ಎವ್ರಿವನ್' ಎಂಬ ಗುಂಪಿನ ಹೆಸರನ್ನು ತೆಗೆದುಹಾಕುವುದು ಅವಶ್ಯ. 'ಫುಲ್ ಕಂಟ್ರೋಲ್' ಎಂಬುದನ್ನು ನೌಕರರಿಗೆ ನೀಡಬಾರದು; ಅದನ್ನು ಪಡೆದವನು ಅನುಮತಿಗಳನ್ನೇ ಬದಲಿಸಬಲ್ಲ. ಬಹುಪಾಲು ಕೆಲಸಕ್ಕೆ 'ಮಾಡಿಫೈ' ಸಾಕು. ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಮಾಲೀಕರೂ ದಿನದ ಕೆಲಸ ಮಾಡಬಾರದು. ಅದರ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ತಿಜೋರಿಯಲ್ಲಿಡಬೇಕು.

ಯಾರು ತಿದ್ದಿದರು?

ಕಡತಗಳನ್ನು ಮುಟ್ಟಿದವರ ಹೆಸರನ್ನು ವಿಂಡೋಸ್ ತಾನಾಗಿ ಬರೆದಿಡುವುದಿಲ್ಲ. ಲೆಕ್ಕಪರಿಶೋಧನೆಯ ಸೌಲಭ್ಯವನ್ನು ಚಾಲನೆಗೊಳಿಸಿ, ಮುಖ್ಯ ಫೋಲ್ಡರುಗಳಿಗೆ ಅದನ್ನು ಅನ್ವಯಿಸಬೇಕು. ಆಗಲೂ ಕಡತವನ್ನು ಯಾರು ಬದಲಿಸಿದರು ಅಥವಾ ಅಳಿಸಿದರು ಎಂಬುದಷ್ಟೇ ತಿಳಿಯುತ್ತದೆ. ಒಳಗೆ ಯಾವ ಅಂಕಿ ಬದಲಾಯಿತೆಂದು ತಿಳಿಯದು. ಅದಕ್ಕೆ ಲೆಕ್ಕಪತ್ರ ತಂತ್ರಾಂಶದೊಳಗಿನ ತಿದ್ದುಪಡಿ ದಾಖಲೆಯೇ ಬೇಕು. ಆದುದರಿಂದ ಬಾಕಿಯ ಲೆಕ್ಕವನ್ನು ಬಿಡಿ ಹಾಳೆಗಳಲ್ಲಿಡದೆ ತಂತ್ರಾಂಶದಲ್ಲೇ ಇಟ್ಟು, ಅಲ್ಲಿಯೂ ಪ್ರತಿಯೊಬ್ಬರಿಗೂ ಪ್ರತ್ಯೇಕ ಹೆಸರು ನೀಡಬೇಕು.

ಕಾನೂನು ಕೂಡ ಇದನ್ನೇ ಕೇಳುತ್ತದೆ. ಕೇಂದ್ರ ಜಿ.ಎಸ್.ಟಿ. ನಿಯಮ 56ರ ಪ್ರಕಾರ ವಿದ್ಯುನ್ಮಾನ ದಾಖಲೆಗಳಲ್ಲಿ ತಿದ್ದಿದ ಅಥವಾ ಅಳಿಸಿದ ಪ್ರತಿ ನಮೂದಿನ ದಾಖಲೆಯನ್ನು ಇಡಬೇಕು. ಕಂಪನಿಯಾಗಿ ನೋಂದಣಿಯಾದ ಸಂಸ್ಥೆಗಳು 2023ರ ಏಪ್ರಿಲ್ 1ರಿಂದ ನಿಲ್ಲಿಸಲಾಗದ ತಿದ್ದುಪಡಿ ದಾಖಲೆಯುಳ್ಳ ತಂತ್ರಾಂಶವನ್ನೇ ಬಳಸಬೇಕಾಗಿದೆ.

ಬ್ಯಾಕಪ್

ಜೋಡಿ ಡಿಸ್ಕ್ ಬ್ಯಾಕಪ್ ಅಲ್ಲ. ಒಂದರಲ್ಲಿ ತಪ್ಪಿ ಅಳಿಸಿದ ಕಡತ ಅದೇ ಕ್ಷಣದಲ್ಲಿ ಇನ್ನೊಂದರಲ್ಲೂ ಅಳಿಯುತ್ತದೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನ್ನಾಕ್ರೈ ಕುತಂತ್ರಾಂಶವು ಕಡತ ಹಂಚಿಕೆಯ ಹಳೆಯ ಎಸ್.ಎಂ.ಬಿ. 1 ವಿಧಾನದ ದೋಷದ ಮೂಲಕವೇ ನುಗ್ಗಿತು. ಹಳೆಯ ಸ್ಕ್ಯಾನರ್ ಕೇಳಿತೆಂಬ ಕಾರಣಕ್ಕೆ ಆ ವಿಧಾನವನ್ನು ಮತ್ತೆ ತೆರೆಯಬಾರದು. ಇಂತಹ ಕುತಂತ್ರಾಂಶವು ಸೋಂಕು ತಗುಲಿದ ಯಂತ್ರದ ಬಳಕೆದಾರನಿಗೆ ಬದಲಿಸುವ ಅನುಮತಿಯಿರುವ ಕಡತಗಳನ್ನೂ ಕೆಡಿಸಬಲ್ಲದು. ಅನುಮತಿ ಕಡಿಮೆಯಿದ್ದಷ್ಟೂ ಹಾನಿ ಕಡಿಮೆ.

ಕಡತಗಳ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಕಚೇರಿಯ ಹೊರಗೆ: ಇದು ಅನುಭವಸಿದ್ಧ ಸೂತ್ರ. ಬ್ಯಾಕಪ್ ಮುಗಿದೊಡನೆ ಹೊರ ಡಿಸ್ಕನ್ನು ಬಿಡಿಸಿಡಬೇಕು. ತಿಂಗಳಿಗೊಮ್ಮೆ ಒಂದು ಕಡತವನ್ನಾದರೂ ಮರಳಿ ಪಡೆದು ಪರೀಕ್ಷಿಸಬೇಕು. ಜಿ.ಎಸ್.ಟಿ. ಲೆಕ್ಕಗಳನ್ನು ಆಯಾ ವರ್ಷದ ವಾರ್ಷಿಕ ವಿವರಣೆ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕೆಂಬುದನ್ನು ಮರೆಯಬಾರದು.

ನೌಕರ ನಿರ್ಗಮಿಸಿದಾಗ

ಕೆಲಸ ಬಿಟ್ಟ ದಿನವೇ ನೌಕರನ ಖಾತೆಯನ್ನು ನಿಷ್ಕ್ರಿಯಗೊಳಿಸಬೇಕು, ಅಳಿಸಬಾರದು. ಅಳಿಸಿದರೆ ಅನುಮತಿ ಪಟ್ಟಿಗಳಲ್ಲಿ ಅವನ ಹೆಸರಿನ ಬದಲು ಉದ್ದನೆಯ ಸಂಕೇತ ಸಂಖ್ಯೆಯಷ್ಟೇ ಉಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಗುಂಪುಗಳ ಪಟ್ಟಿಯನ್ನು ಮುದ್ರಿಸಿ, ಮಾಲೀಕರು ಓದಿ ಸಹಿ ಹಾಕುವುದು ಒಳ್ಳೆಯ ಪದ್ಧತಿ.

ಪ್ರವೇಶ ನಿಯಂತ್ರಣವನ್ನು ನೌಕರರ ಮೇಲಿನ ಅಪನಂಬಿಕೆಯೆಂದು ಭಾವಿಸುವವರಿದ್ದಾರೆ. ವಾಸ್ತವ ಇದಕ್ಕೆ ವಿರುದ್ಧ. ಮೇಲಿನ ಗುಮಾಸ್ತನಿಗೆ ತನ್ನದೇ ಹೆಸರು, ತನ್ನದೇ ಪಾಸ್‌ವರ್ಡ್ ಇದ್ದಿದ್ದರೆ, ಆ ತಿದ್ದುಪಡಿ ತನ್ನದಲ್ಲವೆಂದು ತೋರಿಸಲು ದಾಖಲೆಯೊಂದು ಅವನ ಕೈಯಲ್ಲಿರುತ್ತಿತ್ತು. ಬೀಗವು ಸರಕನ್ನು ಕಾಯುವಂತೆ ಪ್ರಾಮಾಣಿಕನ ಹೆಸರನ್ನೂ ಕಾಯುತ್ತದೆ.