ಹಲ್ಲಿನ ಕುಳಿಯೂ ಅದನ್ನು ತುಂಬುವ ವಿದ್ಯೆಯೂ

ಮನುಷ್ಯನ ಶರೀರದಲ್ಲಿ ಅತ್ಯಂತ ಕಠಿಣವಾದ ವಸ್ತು ಯಾವುದೆಂದು ಕೇಳಿದರೆ ಬಹುಮಂದಿ ಎಲುಬು ಎಂದು ಉತ್ತರ ಕೊಡುವರು. ವಾಸ್ತವದಲ್ಲಿ ಆ ಮಾನವು ಹಲ್ಲಿನ ಮೇಲ್ಕವಚವಾದ ಎನಾಮಲ್ಲಿಗೆ ಸಲ್ಲತಕ್ಕದ್ದು. ಆದರೆ ವಿಚಿತ್ರವೇನೆಂದರೆ, ಮುರಿದ ಎಲುಬು ಕೂಡಿಕೊಳ್ಳುವದು. ಎನಾಮಲ್ಲಿನಲ್ಲಿ ಒಮ್ಮೆ ಬಿದ್ದ ಕುಳಿ ತಾನಾಗಿ ತುಂಬಿಬರುವದಿಲ್ಲ. ಅದನ್ನು ಹೊರಗಿನ ವಸ್ತುವಿನಿಂದ ತುಂಬಬೇಕು. ಬಿಟ್ಟರೆ ಕೊನೆಗೊಂದು ದಿನ ಹಲ್ಲನ್ನೇ ಕೀಳಬೇಕಾಗುವದು. ತುಂಬುವದೋ ಕೀಳುವದೋ ಎಂಬ ಈ ಪ್ರಶ್ನೆಯನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶ.

ನಾನು ಕಲಾ ವಿಭಾಗದ ವಿದ್ಯಾರ್ಥಿ. ರಸಾಯನಶಾಸ್ತ್ರ ನನ್ನ ಅಭ್ಯಾಸದ ವಿಷಯವಲ್ಲ. ಆದರೂ ಈ ವಿಷಯಕ್ಕೆ ಕೈಹಾಕಲು ಕಾರಣವುಂಟು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮ ಹಿರಿಯರಿಗೆ ಹಲ್ಲುನೋವಿನ ಚಿಕಿತ್ಸೆಯೆಂದರೆ ಹಲ್ಲು ಕೀಳಿಸುವದು. ತುಂಬಿಸುವದು ಪಟ್ಟಣದವರ ಸೊಗಸು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯ ಹಳ್ಳಿಗಳಿಂದ ಬರುವ ನನ್ನ ಗೆಳೆಯರ ಮನೆಗಳಲ್ಲಿಯೂ ಇದೇ ಮಾತು. ಜೋಳದ ರೊಟ್ಟಿ ತಿಂದು ಹೊಲದಲ್ಲಿ ದುಡಿಯುವ ನಾಡು ನಮ್ಮದು. ದವಡೆ ಹಲ್ಲು ಹೋದವನು ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಯಿಟ್ಟು ನುಂಗಬೇಕು. ಇದು ಸೊಗಸಿನ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ.

“ಹಲ್ಲಿಗೆ ಹುಳ ಹತ್ತ್ಯಾವ” ಎಂದು ನಮ್ಮ ಕಡೆ ಹೇಳುವದುಂಟು. ಹಾಗೆ ಹೇಳುವವರು ಅಜ್ಞಾನಿಗಳೆಂದು ನಗಬೇಕಾಗಿಲ್ಲ. ಪ್ರಾಚೀನ ಬ್ಯಾಬಿಲೋನಿಯದಿಂದ ಹಿಡಿದು ಯುರೋಪಿನವರೆಗೆ ಲೋಕವೆಲ್ಲ ಹಾಗೆಯೇ ನಂಬಿದ್ದಿತು. 1728ರಲ್ಲಿ ಫ್ರಾನ್ಸಿನ ಪಿಯೇರ್ ಫೋಷಾರ್ ಎಂಬ ದಂತವೈದ್ಯನು ತನ್ನ ಗ್ರಂಥದಲ್ಲಿ ಈ ಹುಳದ ಕಲ್ಪನೆಯನ್ನು ತಳ್ಳಿಹಾಕಿದನು. ಆದರೆ ಹುಳವಲ್ಲದಿದ್ದರೆ ಮತ್ತೇನು? ಅದಕ್ಕೆ ಉತ್ತರ ಪ್ರಯೋಗಶಾಲೆಯಿಂದ ಬರಬೇಕಾಯಿತು. ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೇರಿಕದ ಡಬ್ಲ್ಯು. ಡಿ. ಮಿಲ್ಲರ್ ಎಂಬವನು ಕಿತ್ತ ಹಲ್ಲುಗಳನ್ನು ಜೊಲ್ಲು ಮತ್ತು ರೊಟ್ಟಿಯ ಮಿಶ್ರಣದಲ್ಲಿ ಇಟ್ಟು ನೋಡಿದನು, ಹಲ್ಲು ಮೆತ್ತಗಾಯಿತು. ಬಾಯಿಯ ಸೂಕ್ಷ್ಮಜೀವಿಗಳು ಆಹಾರದ ಅಂಶವನ್ನು ಆಮ್ಲವಾಗಿ ಮಾರ್ಪಡಿಸುವವು, ಆ ಆಮ್ಲವೇ ಹಲ್ಲನ್ನು ಕರಗಿಸುವದು ಎಂದು ಅವನು 1890ರಲ್ಲಿ ಸಾರಿದನು. 1924ರಲ್ಲಿ ಇಂಗ್ಲಂಡಿನ ಕ್ಲಾರ್ಕ್ ಎಂಬವನು ಹುಳುಕು ಹಲ್ಲಿನಿಂದ ಒಂದು ಸೂಕ್ಷ್ಮಜೀವಿಯನ್ನು ಬೇರ್ಪಡಿಸಿ ಅದಕ್ಕೆ ಸ್ಟ್ರೆಪ್ಟೋಕಾಕಸ್ ಮ್ಯುಟಾನ್ಸ್ ಎಂದು ಹೆಸರಿಟ್ಟನು. ಹುಳವಂತೂ ಇಲ್ಲ, ಆದರೆ ಜೀವಿಯೊಂದು ಹಲ್ಲನ್ನು ಕೆಡಿಸುವದೆಂಬ ಹಿರಿಯರ ಊಹೆ ಪೂರ್ಣ ಸುಳ್ಳೂ ಅಲ್ಲ!

ಈ ಜೀವಿಗೆ ಸಕ್ಕರೆ ಬಲು ಪ್ರಿಯ. ಸಕ್ಕರೆಯಿಂದ ಅದು ಅಂಟಿನಂಥ ಒಂದು ಪದಾರ್ಥವನ್ನು ತಯಾರಿಸಿ ಹಲ್ಲಿಗೆ ಕಚ್ಚಿಕೊಂಡು ಕುಳಿತು ಆಮ್ಲವನ್ನು ಸ್ರವಿಸುವದು. ಆಮ್ಲತೆಯನ್ನು ಅಳೆಯುವ ಪಿ.ಎಚ್. ಮಾನವು ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ಲಿನ ಸುಣ್ಣದ ಅಂಶ ಕರಗತೊಡಗುವದು. ನಮ್ಮ ಬೆಲ್ಲದ ಚಹವೂ ಈ ಲೆಕ್ಕದಿಂದ ಹೊರತಲ್ಲ. ಬೆಲ್ಲವೂ ಬಹುಪಾಲು ಸಕ್ಕರೆಯೇ.

ಇನ್ನು ತುಂಬುವ ವಸ್ತುಗಳ ವಿಚಾರ. ಹಲ್ಲು ನೋಯತೊಡಗಿದರೆ ಲವಂಗವನ್ನು ಕಚ್ಚಿ ಹಿಡಿಯುವದು ನಮ್ಮ ಮನೆಗಳ ಹಳೆಯ ರೂಢಿ. ಲವಂಗದ ಎಣ್ಣೆಯಲ್ಲಿ ಯೂಜಿನಾಲ್ ಎಂಬ ನೋವು ಶಮನಕಾರಿ ದ್ರವವಿದೆ. ಅದನ್ನೇ ಜಿಂಕ್ ಆಕ್ಸೈಡ್ ಎಂಬ ಬಿಳಿ ಪುಡಿಯೊಡನೆ ಕಲಸಿ ದಂತವೈದ್ಯರು ಇಂದಿಗೂ ತಾತ್ಪೂರ್ತಿಕವಾಗಿ ಕುಳಿ ಮುಚ್ಚುವರು. ಅಜ್ಜಿಯ ಡಬ್ಬಿಯಿಂದ ಆಸ್ಪತ್ರೆಯ ಮೇಜಿಗೆ ದೂರ ಬಹಳವಿಲ್ಲ.

ಬಾಳಿಕೆಯ ವಸ್ತುಗಳಲ್ಲಿ ಹಳೆಯದು ಅಮಾಲ್ಗಂ. ಬೆಳ್ಳಿ, ತವರ, ತಾಮ್ರಗಳ ಪುಡಿಯನ್ನು ಪಾದರಸದಲ್ಲಿ ಕಲಸಿದ ಮುದ್ದೆ ಇದು. ತೂಕದಲ್ಲಿ ಸುಮಾರು ಅರ್ಧ ಪಾದರಸವೇ. ಗಟ್ಟಿತನದಲ್ಲಿ ಇದಕ್ಕೆ ಒಳ್ಳೆಯ ಹೆಸರಿದ್ದರೂ ಪಾದರಸವು ನೆಲಜಲಗಳನ್ನು ಕೆಡಿಸುವದೆಂಬ ಕಾರಣದಿಂದ, 2013ರಲ್ಲಿ ಅಂಗೀಕೃತವಾದ ಮಿನಮಾಟಾ ಒಪ್ಪಂದವು ಇದರ ಬಳಕೆಯನ್ನು ಕಡಿಮೆ ಮಾಡಬೇಕೆಂದು ವಿಧಿಸಿತು. ಭಾರತವು 2018ರಲ್ಲಿ ಅದಕ್ಕೆ ಒಪ್ಪಿಗೆಯಿತ್ತಿತು. ಎರಡನೆಯದು ಹಲ್ಲಿನ ಬಣ್ಣದ ರಾಳ. 1955ರಲ್ಲಿ ಅಮೇರಿಕದ ಬ್ಯುನೊಕೋರ್ ಎನಾಮಲ್ಲಿಗೆ ಆಮ್ಲ ಸವರಿ ಒರಟು ಮಾಡಿದರೆ ರಾಳ ಚೆನ್ನಾಗಿ ಅಂಟುವದೆಂದು ತೋರಿಸಿದನು. 1962ರಲ್ಲಿ ಬೋವೆನ್ ಎಂಬವನು ಅದಕ್ಕೆ ತಕ್ಕ ರಾಳಕ್ಕೆ ಪೇಟೆಂಟ್ ಪಡೆದನು. ನೋಡಲು ಇದು ಅಂದವೇ ಸರಿ. ಆದರೆ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುವದು, ಹಚ್ಚುವಾಗ ಕುಳಿ ಒಣಗಿರಬೇಕು, ಸಾಮಾನ್ಯವಾಗಿ ವಿಶೇಷ ಬೆಳಕಿನ ಯಂತ್ರವೂ ಬೇಕು.

ಕುಗ್ಗಿದರೇನಾಯಿತು ಎಂದು ಕೇಳಬಹುದು. ಬಂಡಿಯ ಗಾಲಿಗೆ ಹಳಿ ಕೂಡಿಸುವ ಕಮ್ಮಾರನನ್ನು ನೆನೆಯಿರಿ. ಕಬ್ಬಿಣವನ್ನು ಕಾಯಿಸಿ ಹಿಗ್ಗಿಸಿ ಗಾಲಿಗೆ ತೊಡಿಸುವನು. ತಣ್ಣೀರು ಸುರಿದಾಗ ಅದು ಕುಗ್ಗಿ ಕಟ್ಟಿಗೆಯನ್ನು ಬಿಗಿಯಾಗಿ ಹಿಡಿಯುವದು. ಹೊರಗಿನ ಹಳಿ ಕುಗ್ಗಿದರೆ ಲಾಭ. ಕುಳಿಯ ಒಳಗಿನ ವಸ್ತು ಕುಗ್ಗಿದರೆ ಸಂದು ಬಿದ್ದು ನಷ್ಟ. ಬಿಸಿ ಚಹ, ತಣ್ಣೀರುಗಳಿಂದ ತುಂಬಿದ ವಸ್ತುವೂ ಹಲ್ಲೂ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗಿದರೂ ಇದೇ ಗತಿ. ಆ ಸಂದಿನಲ್ಲಿ ಸೂಕ್ಷ್ಮಜೀವಿ ಹೊಕ್ಕು ಎರಡನೆಯ ಹುಳುಕು ಆರಂಭವಾಗುವದು. ಆದ್ದರಿಂದಲೇ ಸಂಶೋಧಕರು ಕಿತ್ತ ಹಲ್ಲುಗಳಿಗೆ ವಸ್ತುವನ್ನು ತುಂಬಿ, 5 ಮತ್ತು 55 ಡಿಗ್ರಿ ಸೆಲ್ಸಿಯಸ್ಸಿನ ನೀರಿನಲ್ಲಿ ನೂರಾರು ಸಲ ಒಂದಾದ ಮೇಲೊಂದರಂತೆ ಅದ್ದಿ, ಬಳಿಕ ಬಣ್ಣದಲ್ಲಿ ನೆನೆಸಿ ಸೀಳಿ ನೋಡುವರು. ಬಣ್ಣ ಎಷ್ಟು ಒಳಗೆ ಹೋಯಿತೋ ಅಷ್ಟು ಸೋರಿಕೆ. ಸೂಕ್ಷ್ಮಜೀವಿಗಳನ್ನು ಬೆಳೆಸಿದ ತಟ್ಟೆಯಲ್ಲಿ ವಸ್ತುವಿನ ಬಿಲ್ಲೆಯನ್ನಿಟ್ಟು, ಅದರ ಸುತ್ತಲಿನ ಜೀವಿಗಳು ಬೆಳೆಯದೆ ಎಷ್ಟು ಜಾಗ ಬರಿದಾಗಿ ಉಳಿಯಿತೆಂದು ಅಳೆಯುವದು ಇನ್ನೊಂದು ಪರೀಕ್ಷೆ. ಆದರೆ ತಟ್ಟೆಯಲ್ಲಿ ಜೊಲ್ಲು ಹರಿಯುವದಿಲ್ಲ, ಅಗಿಯುವ ಒತ್ತಡವಿಲ್ಲ. ತಟ್ಟೆಯಲ್ಲಿ ಗೆದ್ದ ವಸ್ತು ಬಾಯಿಯಲ್ಲಿಯೂ ಗೆಲ್ಲಬೇಕು.

ನಮ್ಮ ನಾಡಿಗೆ ಹೆಚ್ಚು ಒಪ್ಪುವ ವಸ್ತು ಮೂರನೆಯದೆಂದು ನನ್ನ ಅಭಿಪ್ರಾಯ. ಅದೇ ಗ್ಲಾಸ್ ಅಯಾನೊಮರ್ ಸಿಮೆಂಟು. ಲಂಡನ್ನಿನ ಸರಕಾರಿ ಪ್ರಯೋಗಶಾಲೆಯೊಂದರಲ್ಲಿ ವಿಲ್ಸನ್ ಮತ್ತು ಕೆಂಟ್ ಎಂಬವರು ಗಾಜಿನ ಪುಡಿಯನ್ನು ಒಂದು ಬಗೆಯ ಆಮ್ಲದೊಡನೆ ಕಲಸಿ ಇದನ್ನು ಸಿದ್ಧಪಡಿಸಿ 1970ರ ದಶಕದ ಆರಂಭದಲ್ಲಿ ಪ್ರಕಟಿಸಿದರು. ಇದು ಹಲ್ಲಿಗೆ ತಾನೇ ಅಂಟುವದು; ಹಿಗ್ಗುವಿಕೆ ಕುಗ್ಗುವಿಕೆಗಳಲ್ಲಿ ಹಲ್ಲಿಗೆ ಸಮೀಪವಾಗಿರುವದು; ಹಲ್ಲನ್ನು ಬಲಪಡಿಸುವ ಫ್ಲೋರೈಡನ್ನು ಹೊರಸೂಸುವದು. ಆ ಸೂಸುವಿಕೆ ಮೊದಲ ದಿನಗಳಲ್ಲಿ ಹೆಚ್ಚಿದ್ದು ಬರಬರುತ್ತ ಇಳಿಯುವದು. ಸವೆತವನ್ನು ತಾಳುವ ಶಕ್ತಿಯೂ ಅಮಾಲ್ಗಮ್ಮಿಗಿಂತ ಕಡಿಮೆ. ಆದರೆ ಇದರ ದೊಡ್ಡ ಗುಣ ಬೇರೆಯೇ ಇದೆ. 1980ರ ದಶಕದ ಮಧ್ಯದಲ್ಲಿ ಆಫ್ರಿಕದ ಟಾಂಜಾನಿಯದಲ್ಲಿ ವಿದ್ಯುತ್ತಿಲ್ಲದ ಹಳ್ಳಿಗಳಿಗಾಗಿ ಒಂದು ಪದ್ಧತಿ ಹುಟ್ಟಿತು: ಕೊರೆಯುವ ಯಂತ್ರವಿಲ್ಲದೆ, ಕೈ ಉಪಕರಣದಿಂದಲೇ ಕೊಳೆತ ಭಾಗವನ್ನು ಕೆರೆದು ಈ ಸಿಮೆಂಟನ್ನು ಒತ್ತಿ ತುಂಬುವದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಈ ಸಿಮೆಂಟನ್ನು ತನ್ನ ಅವಶ್ಯಕ ಔಷಧಗಳ ಪಟ್ಟಿಯಲ್ಲಿ ಸೇರಿಸಿತು.

ಈ ವಿಷಯವನ್ನು ನಮ್ಮ ಭೂಗೋಳದೊಡನೆ ಕೂಡಿಸಿ ನೋಡೋಣ. ಬೆಳಗಾವಿಯಲ್ಲಿಯೂ ಧಾರವಾಡದಲ್ಲಿಯೂ ದಂತ ಮಹಾವಿದ್ಯಾಲಯಗಳಿವೆ. ಬೈಲಹೊಂಗಲದವರಿಗೆ ಬೆಳಗಾವಿ, ಕಿತ್ತೂರು ಸವದತ್ತಿಗಳವರಿಗೆ ಧಾರವಾಡ ಎಟುಕುವಷ್ಟು ದೂರ; ರಾಮದುರ್ಗದವರಿಗೆ ಎರಡೂ ದೂರ. ಒಂದು ಹಲ್ಲಿಗಾಗಿ ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಳ್ಳಬೇಕಾದ ಕೂಲಿಕಾರನು ನೋವು ತಾಳುವವರೆಗೆ ತಾಳಿ ಕೊನೆಗೆ ಕೀಳಿಸಿಕೊಳ್ಳುವದು ಸಹಜವಷ್ಟೆ. ಅದು ಅವನ ಅಜ್ಞಾನವಲ್ಲ, ಅವನ ಲೆಕ್ಕ. ಆ ಲೆಕ್ಕವನ್ನು ಬದಲಿಸಬಲ್ಲದ್ದು ಹಳ್ಳಿಯ ಶಾಲೆಯ ಬೆಂಚಿನ ಮೇಲೆಯೇ ಮಗುವಿನ ಹಲ್ಲನ್ನು ಉಳಿಸುವ ಇಂಥ ಸರಳ ವಿದ್ಯೆ.

ಒಂದು ಮಾತನ್ನು ಮಾತ್ರ ಮರೆಯಲಾಗದು. ತುಂಬುವ ವಸ್ತು ಕುಳಿಯನ್ನು ಮುಚ್ಚುವದೇ ಹೊರತು ರೋಗವನ್ನು ಅಳಿಸುವದಿಲ್ಲ. ಸಕ್ಕರೆಯ ಮಿತಿ, ಫ್ಲೋರೈಡುಳ್ಳ ಪೇಸ್ಟಿನಿಂದ ದಿನಕ್ಕೆರಡು ಸಲ ಹಲ್ಲುಜ್ಜುವದು, ನೋವಿಗಿಂತ ಮೊದಲೇ ವೈದ್ಯರನ್ನು ಕಾಣುವದು ಇವೇ ನಿಜವಾದ ರಕ್ಷಣೆ. ಹಾಗೆಯೇ ಅಡಿಕೆ ತಂಬಾಕುಗಳಿಂದ ಬಾಯಿಗೆ ಬರುವ ಅರ್ಬುದರೋಗಕ್ಕೆ ಯಾವ ಸಿಮೆಂಟೂ ಮದ್ದಲ್ಲ.

ಪ್ರಯೋಗಶಾಲೆಯ ಜ್ಞಾನವು ಪುಸ್ತಕದಲ್ಲಿ ಉಳಿದರೆ ಅದರಿಂದ ಹಳ್ಳಿಗೆ ಪ್ರಯೋಜನವಿಲ್ಲ. ಅದನ್ನು ಹಳ್ಳಿಯ ಮಾತಿನಲ್ಲಿ ಹೇಳುವವರು ಬೇಕು. ಕಲಾ ವಿಭಾಗದವರಾದ ನಾವು ಹಲ್ಲನ್ನು ತುಂಬಲಾರೆವು, ನಿಜ; ಆದರೆ “ಕೀಳಿಸುವದಕ್ಕಿಂತ ಮೊದಲು ತುಂಬಲು ಬರುವದೋ ಎಂದು ಒಮ್ಮೆ ಕೇಳಿ ನೋಡ್ರಿ” ಎಂದು ನಮ್ಮ ನಮ್ಮ ಮನೆಗಳಲ್ಲಿ ಹೇಳಬಲ್ಲೆವು. ರಜೆಗೆ ಊರಿಗೆ ಹೋದಾಗ ಸಹಪಾಠಿಗಳು ಇಷ್ಟನ್ನಾದರೂ ಮಾಡಬೇಕೆಂದು ನನ್ನ ವಿನಂತಿ.