ಡಬ್ಬಿಯಿಲ್ಲದ ಲೆ ಮಾನ್ಸ್ ಕಾರು

ಸಮಸ್ಯೆ: ಬೆಂಗಳೂರಿನ ಅರ್ಜುನ್ ಮೈನಿ 2019ರ ಲೆ ಮಾನ್ಸ್ 24 ಗಂಟೆಯ ರೇಸಿನಲ್ಲಿ ಓಡಿಸಿದ ಕಾರಿನ ಮಾದರಿ ಎಂದು ಮಾರಾಟಗಾರರೊಬ್ಬರು ಡಬ್ಬಿಯಿಲ್ಲದ ಪುಟ್ಟ ಕಾರೊಂದನ್ನು ತೋರಿಸುತ್ತಿದ್ದಾರೆ. ನಂಬಬಹುದೇ? (ಓದುಗರು, ಜರಗನಹಳ್ಳಿ)

ಸಲಹೆ: ಮೈನಿ ಓಡಿಸಿದ್ದು ಆರ್‌ಎಲ್‌ಆರ್ ಎಂಸ್ಪೋರ್ಟ್ ತಂಡದ ಒರೆಕಾ 07, ನಂಬರು 43, ಎಲ್‌ಎಂಪಿ2 ವರ್ಗ. ಆ ವರ್ಷ ಇದೇ ಒರೆಕಾ ಹಲವು ತಂಡಗಳಲ್ಲಿತ್ತು. ಹಾಗಾಗಿ ಆಕಾರ ನೋಡಿ ಕಾರು ಗುರುತಿಸುವುದು ಆಗದ ಮಾತು. ನೋಡಬೇಕಾದದ್ದು ಬಣ್ಣ, ನಂಬರು, ಪ್ರಾಯೋಜಕರ ಹೆಸರು. 2019ರಲ್ಲಿ ಎಲ್‌ಎಂಪಿ2 ಕಾರುಗಳ ನಂಬರಿನ ಹಿನ್ನೆಲೆ ನೀಲಿಯಾಗಿತ್ತು. ಆ ವರ್ಷದ ಕಾರಿಗೆ ಕೆಂಪಾದರೆ ಎಲ್‌ಎಂಪಿ1, ಹಸಿರು ಅಥವಾ ಕಿತ್ತಳೆಯಾದರೆ ಜಿಟಿ ಕಾರು. ಒಂದೇ ಕಾರು ರೇಸಿನಿಂದ ರೇಸಿಗೆ ಸ್ಟಿಕ್ಕರ್ ಬದಲಿಸುವುದುಂಟು. ಹೋಲಿಕೆಗೆ ಲೆ ಮಾನ್ಸ್‌ನಲ್ಲೇ ತೆಗೆದ ಫೋಟೊ ಬೇಕು.

ಅಳತೆಯೂ ಸುಳಿವು ಕೊಡುತ್ತದೆ. ಸುಮಾರು 4.7 ಮೀಟರ್ ಉದ್ದದ ನಿಜವಾದ ಕಾರು 1:43 ಪ್ರಮಾಣದ ಮಾದರಿಯಲ್ಲಿ ಸುಮಾರು 11 ಸೆಂ.ಮೀ., 1:18ರಲ್ಲಿ ಸುಮಾರು 26 ಸೆಂ.ಮೀ. ಬರುತ್ತದೆ. ತಳದಲ್ಲಿ ತಯಾರಕರ ಹೆಸರು ಇದೆಯೇ, ನಂಬರಿನ ಅಂಚು ಎದ್ದಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡುವುದು ಒಳ್ಳೆಯದು. ಎದ್ದ ಅಂಚು ಆಮೇಲೆ ಅಂಟಿಸಿದ್ದರ ಲಕ್ಷಣವಿರಬಹುದು. ನೋಡುವ ಮುನ್ನ ಧೂಳು ತೆಗೆಯುವುದಾದರೆ ಎಚ್ಚರ: ರೆಸಿನ್ ಮಾದರಿಯ ಹಿಂದಿನ ರೆಕ್ಕೆ ಬಲು ನಾಜೂಕು, ಒಣ ಮೆತ್ತನೆಯ ಬ್ರಷ್ ಸಾಕು.

ಬೆಲೆ ಸಾವಿರಗಳಲ್ಲಿದ್ದರೆ ಅನುಭವಿ ಸಂಗ್ರಾಹಕರಿಗೆ ಮೊದಲು ತೋರಿಸಿ. ನಂಬರು, ಬಣ್ಣ ಎರಡೂ ಹೊಂದದಿದ್ದರೆ ಮೈನಿ ಹೆಸರಿಗೆ ಹೆಚ್ಚುವರಿ ಹಣ ಕೊಡಬೇಡಿ.