ಮೈಗೊಪ್ಪುವ ಹೆಣಿಗೆ: ಹಳೆಯ ಮಾದರಿಯ ಕುಪ್ಪಸ ಮತ್ತು ಸ್ವೆಟರ್‌ಗಳ ಕುರಿತು ಸದಸ್ಯರಿಗೊಂದು ಪಾಠ



ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪೈಕಿ ಖಾದಿ, ಗ್ರಾಮೋದ್ಯೋಗ ಮತ್ತು ಗೃಹ ಕೈಗಾರಿಕೆಗಳೂ ಸೇರಿವೆ ಎಂಬುದು ತಮಗೆ ತಿಳಿದ ಸಂಗತಿ. ಹೊಲಿಗೆ, ಕಸೂತಿ, ಹೆಣಿಗೆಗಳ ತರಬೇತಿಯ ಪ್ರಸ್ತಾವಗಳು ಸ್ವಸಹಾಯ ಸಂಘಗಳ ಒಕ್ಕೂಟದಿಂದ ತಮ್ಮ ಮುಂದೆ ಆಗಾಗ ಬರುತ್ತಿರುತ್ತವೆ. ಸಭೆಯಲ್ಲಿ ಚರ್ಚೆ ನಡೆಯುವುದು ಬಹುಪಾಲು ಎಷ್ಟು ಜನರಿಗೆ, ಎಷ್ಟು ದಿನ, ಎಷ್ಟು ಹಣ ಎಂಬ ಮೂರು ಪ್ರಶ್ನೆಗಳ ಸುತ್ತಲೇ. ಕೊನೆಗೆ ಸಿದ್ಧವಾಗುವ ಉಡುಪು ಯಾರ ಮೈಗೆ ಒಪ್ಪುತ್ತದೆ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳಲು ಆ ವಿದ್ಯೆಯ ಒಳಗುಟ್ಟು ಸ್ವಲ್ಪವಾದರೂ ತಿಳಿದಿರಬೇಕು. ಈ ಪಾಠವನ್ನು ಅದಕ್ಕಾಗಿ ಬರೆಯಲಾಗಿದೆ.

ಕೆಲವು ವರ್ಷಗಳ ಹಿಂದೆ ಒಂದು ಹೆಣಿಗೆ ತರಬೇತಿಯ ಸಮಾರೋಪಕ್ಕೆ ಹೋಗಿದ್ದೆ. ಮೇಜಿನ ಮೇಲೆ ಇಪ್ಪತ್ತಕ್ಕೂ ಹೆಚ್ಚು ಸ್ವೆಟರ್‌ಗಳನ್ನು ಒಪ್ಪವಾಗಿ ಮಡಿಸಿ ಇಟ್ಟಿದ್ದರು. ಬಣ್ಣ ಚೆಂದ, ಹೆಣಿಗೆಯೂ ಒಂದೇ ಸಮ. ಹೆಣೆದ ಮಹಿಳೆಯೊಬ್ಬರು ತಮ್ಮದನ್ನು ತೊಟ್ಟು ತೋರಿಸಿದಾಗ ಭುಜ ತೋಳಿನ ಮೇಲೆ ಜಾರಿತ್ತು, ಸೊಂಟದ ಪಟ್ಟಿ ತೊಡೆಯವರೆಗೆ ಇಳಿದಿತ್ತು. ಯಾರೂ ನಗಲಿಲ್ಲ. ಆ ಸ್ವೆಟರ್‌ಗಳು ಒಂದೂ ಮಾರಾಟವಾಗದೆ ಪೆಟ್ಟಿಗೆಯಲ್ಲೇ ಉಳಿದವೆಂದು ಅನಂತರ ತಿಳಿಯಿತು. ಆ ಮಹಿಳೆಯರ ಕೈಯಲ್ಲಿ ದೋಷವಿರಲಿಲ್ಲ. ಅಳತೆಯ ಲೆಕ್ಕವನ್ನು ಅವರಿಗೆ ಕಲಿಸಿರಲಿಲ್ಲ, ಅಷ್ಟೆ.

ಹಳೆಯ ಮಾದರಿ ಏಕೆ?

1930 ಮತ್ತು 40ರ ದಶಕಗಳ ಬ್ರಿಟನ್ನಿನಲ್ಲಿ ಮನೆಮನೆಯಲ್ಲಿ ಹೆಣೆಯುತ್ತಿದ್ದ ಕುಪ್ಪಸಗಳು ಇಂದಿನ ಸಡಿಲ ಸ್ವೆಟರ್‌ಗಳಂತಿರಲಿಲ್ಲ. ತೆಳುವಾದ ನೂಲು, ಸೊಂಟದ ಸಣ್ಣ ಭಾಗದಲ್ಲೇ ಮುಗಿಯುವ ಗಿಡ್ಡ ಉದ್ದ, ಅಲ್ಲಿ ಬಿಗಿಯಾಗಿ ಹಿಡಿಯುವ ಅಗಲವಾದ ಪಟ್ಟಿ, ಕಿರಿದಾದ ಭುಜ, ನೆತ್ತಿಯಲ್ಲಿ ತುಸು ಉಬ್ಬಿದ ಗಿಡ್ಡ ತೋಳು: ಇವು ಅವುಗಳ ಲಕ್ಷಣ. ಈ ರೂಪದ ಹಿಂದೆ ಸೊಗಸಿನ ಜೊತೆಗೆ ಬಿಗುವೂ ಇತ್ತು. 1941ರ ಜೂನ್ 1ರಿಂದ ಅಲ್ಲಿ ಬಟ್ಟೆಗೆ ಪಡಿತರ ಬಂತು. ಹೆಣಿಗೆಯ ಉಣ್ಣೆಗೂ ಕೂಪನ್ ಕೊಡಬೇಕಾಯಿತು. ಆ ಪಡಿತರ 1949ರವರೆಗೆ ನಡೆಯಿತು. ನೂಲು ಮಿತವಾಗಿದ್ದಾಗ ಗಿಡ್ಡವಾದ, ಮೈಗಂಟಿದ ಉಡುಪೇ ಜಾಣತನ. ಗಿಡ್ಡ ತೋಳಿನ ಇಂಥ ಕುಪ್ಪಸಕ್ಕೆ 200ರಿಂದ 250 ಗ್ರಾಂ ತೆಳು ಉಣ್ಣೆ ಸಾಕಾಗುತ್ತದೆ.

ಅದಕ್ಕೂ ಹಿಂದೆ, 1927ರಲ್ಲಿ, ಪ್ಯಾರಿಸ್ಸಿನಲ್ಲಿ ಎಲ್ಸಾ ಶಿಯಾಪರೆಲ್ಲಿ ಎಂಬಾಕೆ ಕಪ್ಪು ಸ್ವೆಟರಿನ ಎದೆಯ ಮೇಲೆ ಬಿಳಿಯ ಬೋ ಗಂಟು ಕಟ್ಟಿದಂತೆ ಭ್ರಮೆ ಹುಟ್ಟಿಸುವ ವಿನ್ಯಾಸವನ್ನು ಮಾಡಿ ಹೆಸರು ಗಳಿಸಿದರು. ಅದನ್ನು ಹೆಣೆದುಕೊಟ್ಟವರು ಆ ನಗರದಲ್ಲಿ ನೆಲೆಸಿದ್ದ ಆರ್ಮೇನಿಯಾ ಮೂಲದ ಮಹಿಳೆ. ಅಮೆರಿಕದಿಂದ ಬೇಡಿಕೆ ಬಂದಾಗ ಆ ಸಮುದಾಯದ ಇನ್ನಷ್ಟು ಹೆಂಗಸರನ್ನು ಹುಡುಕಿ ಕೆಲಸ ಕೊಡಬೇಕಾಯಿತು. ಆ ಹೆಣಿಗೆ ಎರಡು ಪದರದ್ದಾಗಿದ್ದರಿಂದ ಜೋತು ಬೀಳದೆ ಆಕಾರವನ್ನು ಹಿಡಿದುಕೊಳ್ಳುತ್ತಿತ್ತು. ಹೆಸರು ವಿನ್ಯಾಸಕಿಯದಾದರೂ ಉಡುಪು ನಿಂತದ್ದು ಹೆಣೆದವರ ಕೈಚಳಕದ ಮೇಲೆ ಎಂಬುದನ್ನು ಪ್ರಸಂಗವಶಾತ್ ಹೇಳಬೇಕಾಗಿದೆ.

ನಮ್ಮ ಕಡೆ ಹೆಣಿಗೆ ಎಂದರೆ ಕೂಸಿನ ಕುಲಾವಿ, ಕಾಲುಚೀಲ ಮತ್ತು ಮಕ್ಕಳ ಸ್ವೆಟರ್. ಕುಲಾವಿ ತುಸು ದೊಡ್ಡದಾದರೂ ಕೂಸು ಬೆಳೆದಂತೆ ಸರಿಹೋಗುತ್ತದೆ. ದೊಡ್ಡವರ ಉಡುಪಿಗೆ ಆ ರಿಯಾಯಿತಿ ಇಲ್ಲ.

ಅಳತೆಯ ತುಣುಕು

ಇಡೀ ವಿದ್ಯೆಯ ಕೀಲಿಕೈ ಇರುವುದು ಅಂಗೈ ಅಗಲದ ಒಂದು ತುಣುಕಿನಲ್ಲಿ. ಬಳಸಲಿರುವ ಅದೇ ನೂಲು, ಅದೇ ಕಡ್ಡಿಯಿಂದ ಸುಮಾರು 15 ಸೆಂಟಿಮೀಟರ್ ಚೌಕದಷ್ಟು ಹೆಣೆಯಬೇಕು. ಅದನ್ನು ಒಗೆದು, ಮಟ್ಟಸವಾಗಿ ಹರಡಿ ಒಣಗಿಸಿ, ಅಂಚುಗಳನ್ನು ಬಿಟ್ಟು ನಡುವಿನ 10 ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆಗಳಿವೆ, ಎಷ್ಟು ಸಾಲುಗಳಿವೆ ಎಂದು ಎಣಿಸಬೇಕು. ಒಗೆಯದೆ ಎಣಿಸಿದ ಲೆಕ್ಕ ಲೆಕ್ಕವಲ್ಲ. ನೀರು ಕಂಡ ಮೇಲೆ ಹೆಣಿಗೆ ಸಡಿಲಗೊಳ್ಳುವುದೂ ಉಂಟು, ಕುಗ್ಗುವುದೂ ಉಂಟು.

ಒಂದು ಉದಾಹರಣೆಯನ್ನು ನೋಡೋಣ. ತುಣುಕಿನಲ್ಲಿ 10 ಸೆಂಟಿಮೀಟರಿಗೆ 28 ಕುಣಿಕೆ, 36 ಸಾಲು ಬಂದಿವೆ. ತೊಡುವವರ ಎದೆಯ ಸುತ್ತಳತೆ 88 ಸೆಂಟಿಮೀಟರ್. ಹಳೆಯ ಮಾದರಿಯ ಕುಪ್ಪಸ ಮೈಗಿಂತ ಕೊಂಚ ಕಿರಿದಾಗಿದ್ದು, ಹಿಗ್ಗಿ ಕೂರಬೇಕು. ಆದ್ದರಿಂದ 84 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒಟ್ಟು 235 ಕುಣಿಕೆ. ಮುಂಭಾಗಕ್ಕೆ 118, ಹಿಂಭಾಗಕ್ಕೆ 118. ಹೊಲಿಗೆಯಲ್ಲಿ ಮರೆಯಾಗುವ ಅಂಚಿಗೆ ಎರಡೆರಡು ಸೇರಿಸಿದರೆ 120. ಈಗ ಮತ್ತೊಬ್ಬಾಕೆಯ ಕೈ ತುಸು ಸಡಿಲ. ಆಕೆಯ ತುಣುಕಿನಲ್ಲಿ 28ರ ಬದಲು 26 ಕುಣಿಕೆ. ಅದೇ 235 ಕುಣಿಕೆಯನ್ನು ಆಕೆ ಹೆಣೆದರೆ ಸುತ್ತಳತೆ 90 ಸೆಂಟಿಮೀಟರ್ ದಾಟುತ್ತದೆ. ಹತ್ತು ಸೆಂಟಿಮೀಟರಿನಲ್ಲಿ ಎರಡೇ ಕುಣಿಕೆಯ ವ್ಯತ್ಯಾಸ ಇಡೀ ಉಡುಪಿನಲ್ಲಿ ಆರು ಸೆಂಟಿಮೀಟರ್ ಆಗಿ ಕುಳಿತಿತು. ಸಮಾರೋಪದ ಮೇಜಿನ ಮೇಲೆ ನಾನು ಕಂಡದ್ದು ಇದನ್ನೇ: ಇಪ್ಪತ್ತು ಕೈಗಳಿಗೆ ಒಂದೇ ಸಂಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆದುಕೊಟ್ಟಿದ್ದರು.

ಸಡಿಲ ಕೈಯವರು ಬಿಗಿಯಾಗಿ ಎಳೆದು ಹೆಣೆಯಲು ಹೆಣಗಬಾರದು. ಒಂದು ಸಂಖ್ಯೆ ತೆಳುವಾದ ಕಡ್ಡಿಯನ್ನು ಹಿಡಿದರೆ ಸಾಕು. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗಳಿಗೆ ಹಳೆಯ ಬ್ರಿಟಿಷ್ ಸಂಖ್ಯೆಯೇ ರೂಢಿಯಲ್ಲಿದೆ. ಅದರಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ತೆಳು. 10ನೇ ಸಂಖ್ಯೆ ಎಂದರೆ 3.25 ಮಿಲಿಮೀಟರ್, 12 ಎಂದರೆ 2.75. ಅಮೆರಿಕದ ಸಂಖ್ಯೆ ಇದಕ್ಕೆ ತದ್ವಿರುದ್ಧವಾದ್ದರಿಂದ, ಮಾದರಿ ಪತ್ರಿಕೆ ಎಲ್ಲಿಯದು ಎಂದು ನೋಡಿಕೊಳ್ಳದೆ ಕಡ್ಡಿ ಖರೀದಿಸಬಾರದು.

ಸೊಂಟದಿಂದ ಭುಜದವರೆಗೆ

ಸೊಂಟದ ಪಟ್ಟಿಯನ್ನು 12ನೇ ಕಡ್ಡಿಯಲ್ಲಿ, ಒಂದು ಸೀದಾ ಒಂದು ಉಲ್ಟಾ ಕ್ರಮದಲ್ಲಿ, ಸುಮಾರು 9 ಸೆಂಟಿಮೀಟರ್ ಹೆಣೆಯಬೇಕು. ಮೇಲಿನ ಲೆಕ್ಕದ ಕುಪ್ಪಸಕ್ಕೆ, ಸೊಂಟ 70 ಸೆಂಟಿಮೀಟರ್ ಇದ್ದರೆ, ಪ್ರತಿ ಭಾಗಕ್ಕೆ 100 ಕುಣಿಕೆಯಿಂದ ಆರಂಭ. ಅನಂತರ 10ನೇ ಕಡ್ಡಿಗೆ ಬದಲಾಯಿಸಿ, ಕಂಕುಳವರೆಗಿನ 21 ಸೆಂಟಿಮೀಟರಿನಲ್ಲಿ, ಅಂದರೆ ಸುಮಾರು 75 ಸಾಲುಗಳಲ್ಲಿ, ಪ್ರತಿ ಏಳನೆಯ ಸಾಲಿಗೆ ಎರಡೂ ಬದಿಯಲ್ಲಿ ಒಂದೊಂದು ಕುಣಿಕೆ ಹೆಚ್ಚಿಸುತ್ತಾ ಹೋದರೆ ಹತ್ತು ಬಾರಿಗೆ 120 ತಲುಪುತ್ತದೆ. ಈ ಹೆಚ್ಚಳವನ್ನೆಲ್ಲ ಪಟ್ಟಿ ಮುಗಿದೊಡನೆ ಒಂದೇ ಸಾಲಿನಲ್ಲಿ ಮಾಡಿಬಿಟ್ಟರೆ ಪಟ್ಟಿಯ ಮೇಲೆ ಚೀಲದಂತೆ ಉಬ್ಬುತ್ತದೆ. ಹಾಗೆ ಬೇಕೆನ್ನುವವರೂ ಇದ್ದಾರೆ, ಕೇಳಿ ಮಾಡಬೇಕು.

ಎದೆ ತುಂಬಿದವರಿಗೆ ಮುಂಭಾಗದ ಅಂಚು ಮೇಲೇರಿ ಹೊಟ್ಟೆ ಕಾಣುವುದು ಸಾಮಾನ್ಯ ದೂರು. ಅಗಲ ಹೆಚ್ಚಿಸಿದರೆ ಇದು ನೀಗುವುದಿಲ್ಲ. ಮುಂಭಾಗಕ್ಕೆ ಉದ್ದ ಬೇಕು. ಭುಜದಿಂದ ಸೊಂಟಕ್ಕೆ ಮುಂದೆ ಅಳೆದದ್ದು ಹಿಂದಿನದಕ್ಕಿಂತ 4 ಸೆಂಟಿಮೀಟರ್ ಹೆಚ್ಚಿದ್ದರೆ, ಕಂಕುಳಿಗಿಂತ ಸ್ವಲ್ಪ ಕೆಳಗೆ ಮುಂಭಾಗದಲ್ಲಿ ಮಾತ್ರ 14 ಅರ್ಧ ಸಾಲುಗಳನ್ನು, ಅಂದರೆ ಅಂಚಿನವರೆಗೆ ಹೋಗದೆ ನಡುವಿನಲ್ಲೇ ಹಿಂದಿರುಗುವ ಸಾಲುಗಳನ್ನು, ಸೇರಿಸಬೇಕು. ಬದಿಯ ಹೊಲಿಗೆಗಳ ಉದ್ದ ಹಾಗೆಯೇ ಉಳಿಯುತ್ತದೆ.

ಭುಜವೇ ಉಡುಪಿನ ಗೂಟ. ಉಳಿದದ್ದೆಲ್ಲ ಅದಕ್ಕೆ ತೂಗಿದ್ದು. ಭುಜದ ಮೂಳೆಯಿಂದ ಮೂಳೆಗೆ 34 ಸೆಂಟಿಮೀಟರ್ ಇದ್ದರೆ ಅಲ್ಲಿ ಉಳಿಯಬೇಕಾದದ್ದು 94 ಕುಣಿಕೆ. ಆದ್ದರಿಂದ ಕಂಕುಳಲ್ಲಿ ಪ್ರತಿ ಬದಿಗೆ 13 ಕಳೆಯಬೇಕು: ಮೊದಲು ಐದನ್ನು ಒಟ್ಟಿಗೆ ಮುಚ್ಚಿ, ಉಳಿದ ಎಂಟನ್ನು ಸಾಲು ಬಿಟ್ಟು ಸಾಲಿಗೆ ಒಂದೊಂದರಂತೆ. ತೋಳಿನ ನೆತ್ತಿಯನ್ನು ಸಾಮಾನ್ಯಕ್ಕಿಂತ ಎರಡು ಮೂರು ಸೆಂಟಿಮೀಟರ್ ಎತ್ತರವಾಗಿ ಹೆಣೆದು, ಮೇಲ್ತುದಿಯನ್ನು ನೆರಿಗೆ ಹಿಡಿದು ಹೊಲಿದರೆ ಹಳೆಯ ಮಾದರಿಯ ಉಬ್ಬುತೋಳು ಸಿದ್ಧ. ನೆರಿಗೆ ಭುಜದ ತುದಿಯಲ್ಲೇ ಇರಬೇಕು. ತೋಳಿನ ಮೇಲೆ ಜಾರಿದರೆ ಅಂದಗೆಡುತ್ತದೆ.

ನಮ್ಮ ಮಹಿಳೆಯರು ಬಹುಮಟ್ಟಿಗೆ ಸ್ವೆಟರನ್ನು ತೊಡುವುದು ಸೀರೆ-ರವಿಕೆಯ ಮೇಲೆ. ಹಾಗಿದ್ದಲ್ಲಿ ಮೇಲಿನ ಬಿಗಿ ಲೆಕ್ಕ ಒಪ್ಪದು. ಸೆರಗು, ಸೊಂಟದ ನೆರಿಗೆಗಳನ್ನು ಸೇರಿಸಿ ಅಳತೆ ತೆಗೆದು, ಎದೆಗೆ 5ರಿಂದ 8 ಸೆಂಟಿಮೀಟರ್ ಸಡಿಲವನ್ನೂ, ತೋಳಿನ ಕೊರೆತಕ್ಕೆ 2 ಸೆಂಟಿಮೀಟರ್ ಹೆಚ್ಚಿನ ಆಳವನ್ನೂ ಕೊಡಬೇಕು. ಯಾವುದರ ಮೇಲೆ ತೊಡುತ್ತಾರೋ ಅದರ ಮೇಲೆಯೇ ಅಳತೆಪಟ್ಟಿ ಹಿಡಿಯಬೇಕು.

ನೂಲಿನ ವಿಷಯ

ಚಿತ್ರದುರ್ಗ, ಹಾವೇರಿಯ ಕಡೆಯ ಕುರಿಯುಣ್ಣೆಯಿಂದಲೇ ಇದನ್ನು ಹೆಣೆಯಬಾರದೇಕೆ ಎಂದು ಸದಸ್ಯರೊಬ್ಬರು ಕೇಳಿದ್ದರು. ಆಶಯ ಒಳ್ಳೆಯದು. ಆದರೆ ದಖ್ಖನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಅದು ಹೇಳಿಮಾಡಿಸಿದ್ದು, ಕತ್ತಿಗೆ ತಾಗುವ ಕುಪ್ಪಸಕ್ಕೆ ಚುಚ್ಚುತ್ತದೆ. ಅಂಗಡಿಯಲ್ಲಿ ‘ಉಲ್ಲನ್’ ಎಂದು ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್. ಅದು ಅಗ್ಗ, ಒಗೆಯಲು ಸುಲಭ. ಆದರೆ ಅದರ ಮೇಲೆ ಬಿಸಿ ಇಸ್ತ್ರಿ ಇಟ್ಟರೆ ಪಟ್ಟಿಯ ಹಿಗ್ಗುವ ಗುಣ ಶಾಶ್ವತವಾಗಿ ಸತ್ತುಹೋಗುತ್ತದೆ. ಬಯಲುಸೀಮೆಯ ಹವೆಗೆ ಹತ್ತಿಯ ನೂಲು ಹಿತ. ಅದು ಉಣ್ಣೆಯಂತೆ ಮರಳಿ ಕುಗ್ಗದಾದ್ದರಿಂದ ಮೈಗಿಂತ ಕಿರಿದಾಗಿ ಹೆಣೆಯುವ ಲೆಕ್ಕವನ್ನು ಕೈಬಿಟ್ಟು ಮೈಯಳತೆಗೇ ಹೆಣೆಯಬೇಕು.

ಕೂಲಿಯ ಲೆಕ್ಕ

ಮೇಲೆ ಹೇಳಿದ ಕುಪ್ಪಸದಲ್ಲಿ ಹೆಚ್ಚುಕಡಿಮೆ 46,000 ಕುಣಿಕೆಗಳಿವೆ. ನಿಮಿಷಕ್ಕೆ 20 ಕುಣಿಕೆ ಹಾಕುವ ಪಳಗಿದ ಕೈಗೆ ಹೆಣಿಗೆಯೊಂದಕ್ಕೇ 38 ಗಂಟೆ ಬೇಕು. ಎಂಟು ಗಂಟೆಯ ದಿನವೆಂದರೆ ಸುಮಾರು ಐದು ದಿನದ ದುಡಿಮೆ. ಹೊಲಿಗೆ, ಗುಂಡಿ, ಒಗೆತ ಬೇರೆ. ಲುಧಿಯಾನದ ಯಂತ್ರದ ಸ್ವೆಟರ್ ಜಾತ್ರೆಯಲ್ಲಿ ಸಿಗುವ ಬೆಲೆಗೆ ಇದನ್ನು ಮಾರಲು ಹೊರಟರೆ ಐದು ದಿನದ ಕೂಲಿ ಎಲ್ಲಿಯೂ ಗಿಟ್ಟದು. ಆ ಸ್ಪರ್ಧೆಗೆ ನಮ್ಮ ಮಹಿಳೆಯರನ್ನು ಇಳಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಯಂತ್ರ ಮಾಡಲಾಗದ್ದು ಒಂದುಂಟು: ಒಬ್ಬರ ಮೈಯಳತೆಗೆ ತಕ್ಕಂತೆ ಒಂದೇ ಉಡುಪನ್ನು ಹೆಣೆದುಕೊಡುವುದು. ಮುಂಗಡ ಪಡೆದು, ಅಳತೆ ಬರೆದುಕೊಂಡು, ಹೆಣೆದುಕೊಡುವ ಪದ್ಧತಿಗೇ ಇಲ್ಲಿ ಬೆಲೆ.

ಆದಕಾರಣ ತರಬೇತಿಯ ಪ್ರಸ್ತಾವ ಬಂದಾಗ, ಮೊದಲ ವಾರವನ್ನು ಅಳತೆಯ ತುಣುಕು ಮತ್ತು ಗುಣಾಕಾರ-ಭಾಗಾಕಾರಗಳಿಗೆ ಮೀಸಲಿಟ್ಟಿದೆಯೇ ಎಂದು ವಿಚಾರಿಸಿ. ಪ್ರತಿಯೊಬ್ಬರೂ ತಮ್ಮದೇ ಮೈಯಳತೆಗೆ ಒಂದು ಉಡುಪನ್ನು ಹೆಣೆದು ತೊಟ್ಟು ತೋರಿಸುವುದನ್ನು ಷರತ್ತಾಗಿಸಿ. ಕಲಿತವರು ವಾರಕ್ಕೊಮ್ಮೆ ಕೂಡಿ ಕೂರಲು ಅರಿವು ಕೇಂದ್ರದಲ್ಲಿ ಒಂದು ಮೂಲೆಯನ್ನು ಬಿಟ್ಟುಕೊಡಬಹುದು.

ಹಿಂದಿನ ತರಬೇತಿಗಳ ಮಾರಾಟವಾಗದ ಸ್ವೆಟರ್‌ಗಳು ತಮ್ಮ ಕಚೇರಿಯ ಪೆಟ್ಟಿಗೆಯಲ್ಲಿದ್ದರೆ ಎಸೆಯಬೇಡಿ. 1943ರಲ್ಲಿ ಬ್ರಿಟಿಷ್ ಸರ್ಕಾರ ಹಳೆಯ ಬಟ್ಟೆಯ ಮರುಬಳಕೆಗೆಂದೇ ಒಂದು ಕೈಪಿಡಿಯನ್ನು ಹೊರಡಿಸಿತ್ತು. ಹೆಣೆದದ್ದನ್ನು ಬಿಚ್ಚಿ ಮತ್ತೆ ಹೆಣೆಯುವುದು ಆ ಕಾಲದ ಮನೆಮಾತು. ಮೊದಲು ಹೊಲಿಗೆಗಳನ್ನು ಬಿಡಿಸಿ, ಹೆಣೆದು ಮುಗಿಸಿದ ತುದಿಯಿಂದ ನೂಲನ್ನು ಎಳೆಯುತ್ತಾ ಕುರ್ಚಿಯ ಬೆನ್ನಿಗೆ ಸುತ್ತಬೇಕು. ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ, ಕೆಳತುದಿಗೆ ಹಗುರವಾದ ಭಾರವೊಂದನ್ನು ಕಟ್ಟಿ ನೆರಳಿನಲ್ಲಿ ತೂಗುಹಾಕಿದರೆ ಸುಕ್ಕು ಹೋಗಿ ನೂಲು ಮರಳಿ ನೇರವಾಗುತ್ತದೆ. ಅಕ್ರಿಲಿಕ್ಕಿನ ಸುಕ್ಕು ಪೂರ್ತಿ ಹೋಗದು. ಅದನ್ನು ಅಭ್ಯಾಸದ ತುಣುಕುಗಳಿಗೂ ಅಂಗನವಾಡಿ ಮಕ್ಕಳ ಟೊಪ್ಪಿಗೆಗಳಿಗೂ ಬಳಸಬಹುದು.